ಹಳೆಯ ಶಾಲೆಗಳನ್ನು ಸೂರಿನಿಂದ ಕೆಳಕ್ಕೆ ನೋಡುತ್ತಾ: ಬೆಂಗಳೂರು, ಮೈಸೂರು, ಮಂಗಳೂರು, ನಾಲ್ಕು ದಿನ

ಹಳೆಯ ಶಾಲೆ ಕಾಲೇಜುಗಳನ್ನು ನೋಡಲು ಹೋದವರು ಮುಂಬಾಗಿಲಿನ ಎದುರು ನಿಂತು, ಕಂಬ ಕಮಾನು ಗಡಿಯಾರಗಳ ಫೋಟೊ ತೆಗೆದು ಹೊರಟುಬಿಡುತ್ತಾರೆ. ಕಟ್ಟಡದ ನಿಜವಾದ ಕಥೆ ಇರುವುದು ಸೂರಿನಲ್ಲಿ. ಮಳೆನೀರು ಎಲ್ಲಿ ಬಿದ್ದು, ಯಾವ ಕಡೆ ಹರಿದು, ಎಲ್ಲಿ ನೆಲ ಮುಟ್ಟುತ್ತದೆ ಎಂಬ ಒಂದೇ ಪ್ರಶ್ನೆ ಹಿಡಿದು ನೋಡಿದರೆ ಕಟ್ಟಿದವರ ಲೆಕ್ಕಾಚಾರವೂ ಕಾಣುತ್ತದೆ, ಆಮೇಲೆ ಕೈ ಹಾಕಿದವರ ತಪ್ಪೂ ಕಾಣುತ್ತದೆ. ಈ ನಾಲ್ಕು ದಿನದ ದಾರಿಯನ್ನು ಆ ಪ್ರಶ್ನೆಗಾಗಿಯೇ ಹಾಕಿಕೊಂಡದ್ದು.

ಹೊರಡಲು ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲಿನ ಎರಡು ಮೂರು ವಾರ. ಮಳೆ ಬಿಟ್ಟಿರುತ್ತದೆ, ಆದರೆ ಗೋಡೆಯ ಕಲೆ ಇನ್ನೂ ಹಸಿಯಾಗಿರುತ್ತದೆ. ಬೇಸಿಗೆಯಲ್ಲಿ ಹೋದರೆ ಸುಣ್ಣ ಬಳಿದು ಎಲ್ಲವನ್ನೂ ಮುಚ್ಚಿರುತ್ತಾರೆ. ದಸರೆಯ ಹೊತ್ತಿಗೆ ಮೈಸೂರಿಗೆ ಹೋಗುವುದು ಬೇಡ. ಶಾಲೆಗೆ ರಜೆ, ಊರಲ್ಲಿ ಜನಸಂದಣಿ.

ಚೀಲದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ: ಐದು ಮೀಟರ್ ಟೇಪು, ಒಳ್ಳೆಯ ಟಾರ್ಚು, ದುರ್ಬೀನು, ದಾರಕ್ಕೆ ಕಟ್ಟಿದ ಮೇಸ್ತ್ರಿಗಳ ಗುಂಡು, ಪೆನ್ಸಿಲು, ಗೀಟಿನ ಪುಸ್ತಕ. ಅನುಮತಿ ಮಾತ್ರ ಮೊದಲೇ ಆಗಬೇಕು. ಮುಖ್ಯೋಪಾಧ್ಯಾಯರಿಗೋ ಪ್ರಾಂಶುಪಾಲರಿಗೋ ಒಂದು ಪುಟದ ಅರ್ಜಿ ಕೊಡಿ. ಎಷ್ಟು ಜನ, ಯಾವ ಭಾಗ, ಎಷ್ಟು ಹೊತ್ತು, ಮಕ್ಕಳ ಫೋಟೊ ತೆಗೆಯುವುದಿಲ್ಲ, ಗೋಡೆ ಕೆರೆಯುವುದಿಲ್ಲ ಎಂದು ಬಿಡಿಸಿ ಬರೆದರೆ ಕೆಲಸ ಸಲೀಸು. ತಾರಸಿ ಹತ್ತುವುದಾದರೆ ಅದನ್ನು ಬೇರೆಯಾಗಿಯೇ ಕೇಳಿ. ಸಿಬ್ಬಂದಿಯೊಬ್ಬರು ಜೊತೆಗಿಲ್ಲದೆ ಹತ್ತಬೇಡಿ.

ಮೊದಲ ದಿನ: ಬೆಂಗಳೂರು

ಸೆಂಟ್ರಲ್ ಕಾಲೇಜಿಗೆ ಮೆಟ್ರೊದಲ್ಲೇ ಹೋಗಬಹುದು. ನೇರಳೆ ಮಾರ್ಗದ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದ ಹೆಸರಿನ ಜೊತೆಗೇ ಸೆಂಟ್ರಲ್ ಕಾಲೇಜು ಎಂದಿದೆ. ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲಿಯೇ. ಸಂಸ್ಥೆ ಹುಟ್ಟಿದ್ದು 1858ರಲ್ಲಿ, ಬೆಂಗಳೂರು ಹೈಸ್ಕೂಲ್ ಎಂಬ ಹೆಸರಿನಲ್ಲಿ. ಸೆಂಟ್ರಲ್ ಕಾಲೇಜು ಎಂಬ ಹೆಸರು ಬಂದದ್ದು 1875ರಲ್ಲಿ. ಆಗೆಲ್ಲ ಪರೀಕ್ಷೆ ಮದ್ರಾಸು ವಿಶ್ವವಿದ್ಯಾಲಯದ್ದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದ ಮೇಲೆ ಅದರ ತೆಕ್ಕೆಗೆ ಸೇರಿತು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ತವರಾಯಿತು. ಬೆಳಕಿನ ಚದರಿಕೆಯ ಬಗ್ಗೆ ತಾವು ಕಂಡುಕೊಂಡ ಹೊಸ ಸಂಗತಿಯನ್ನು ಸಿ.ವಿ. ರಾಮನ್ ಅವರು ವಿಜ್ಞಾನಿಗಳ ಮುಂದೆ ವಿವರವಾಗಿ ಇಟ್ಟದ್ದು 1928ರ ಮಾರ್ಚ್ 16ರಂದು, ಇದೇ ಕಾಲೇಜಿನಲ್ಲಿ.

ಕಟ್ಟಡ ಗಾಥಿಕ್ ಶೈಲಿಯದು, ಗಡಿಯಾರದ ಗೋಪುರ ಅದರ ಗುರುತು. ಗೋಪುರದ ಕೆಳಗೆ ನಿಂತು ಕಮಾನುಗಳ ನೆತ್ತಿ ನೋಡಿ. ಚೂಪು ನೆತ್ತಿಯ ಕಮಾನು ಬರಿಯ ಅಲಂಕಾರವಲ್ಲ. ಯಾವ ಕಮಾನಾದರೂ ಮೇಲಿನ ಭಾರವನ್ನು ಕೆಳಕ್ಕಷ್ಟೇ ಇಳಿಸುವುದಿಲ್ಲ, ಎರಡೂ ಪಕ್ಕಕ್ಕೆ ಒದೆಯುತ್ತದೆ. ಅಗಲ ಅಷ್ಟೇ ಇದ್ದು ನೆತ್ತಿ ಎತ್ತರವಾದಷ್ಟೂ ಆ ಒದೆತ ಕಡಿಮೆ. ಸಾಲುಕಮಾನಿನಲ್ಲಿ ನಡುವಿನ ಕಂಬಗಳಿಗೆ ಚಿಂತೆಯಿಲ್ಲ, ಎಡಗಡೆಯ ಕಮಾನು ಒದ್ದದ್ದನ್ನು ಬಲಗಡೆಯದು ತಡೆಯುತ್ತದೆ. ತೊಂದರೆ ಬರುವುದು ಸಾಲಿನ ಕೊನೆಯ ಕಂಬಕ್ಕೆ. ಅದಕ್ಕೆ ಆಚೆ ಕಡೆ ಆಸರೆಯಿಲ್ಲ. ಅದಕ್ಕೇ ಹಳಬರು ಮೂಲೆಯ ಕಂಬವನ್ನು ದಪ್ಪ ಮಾಡುತ್ತಿದ್ದರು, ಇಲ್ಲವೇ ಹೊರಗಿನಿಂದ ಒತ್ತುಗೋಡೆ ಕೊಡುತ್ತಿದ್ದರು. ಯಾವ ಹಳೆಯ ಶಾಲೆಗೆ ಹೋದರೂ ಮೊದಲು ವರಾಂಡದ ಎರಡು ತುದಿಗೆ ಹೋಗಿ ಗುಂಡು ಇಳಿಬಿಟ್ಟು ನೋಡಬೇಕು. ಕಂಬ ಹೊರಕ್ಕೆ ವಾಲಿದ್ದರೆ ಕೊನೆಯ ಕಮಾನಿನ ನೆತ್ತಿಯಲ್ಲಿ ಬಿರುಕು ಇದ್ದೇ ಇರುತ್ತದೆ.

ಬಿರುಕುಗಳನ್ನೂ ಒಂದೇ ಕಣ್ಣಿನಿಂದ ನೋಡಬಾರದು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋದದ್ದು ಸಾಮಾನ್ಯವಾಗಿ ತಳಪಾಯ ಒಂದು ಕಡೆ ಕುಸಿದದ್ದರ ಗುರುತು. ಹತ್ತಿರ ಒಡೆದ ಚರಂಡಿಯೋ ಕಡಿದ ಮರವೋ ಇರುತ್ತದೆ. ಸೂರಿಗೆ ತಾಗಿ ಉದ್ದಕ್ಕೆ ಅಡ್ಡವಾಗಿ ಓಡಿದ್ದರೆ ಮೇಲೆ ಹೊಸದಾಗಿ ಕಾಂಕ್ರೀಟು ಹಾಕಿದ್ದಾರೆಯೇ ಎಂದು ಕೇಳಿ. ಬಿಸಿಲಿಗೆ ಅದು ಹಿಗ್ಗಿ ಹಳೆಯ ಗೋಡೆಯ ತಲೆಯನ್ನು ತಳ್ಳುತ್ತದೆ. ಹೊಸ ಗೋಡೆ ಹಳೆಯದಕ್ಕೆ ಸೇರುವಲ್ಲಿ ನೆಟ್ಟಗೆ ನಿಂತ ಬಿರುಕು ಬರಿಯ ಕೀಲು, ಅಷ್ಟೇನೂ ಅಪಾಯವಿಲ್ಲ. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಮೇಸ್ತ್ರಿಗಳು ಅದರ ಮೇಲೆ ಅಡ್ಡಕ್ಕೆ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯುತ್ತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಗಾಜು ಒಡೆಯದಿದ್ದರೆ ಅದು ನಿಂತುಹೋದ ಬಿರುಕು.

ಮಧ್ಯಾಹ್ನಕ್ಕೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಕೋಟೆ ಪ್ರೌಢಶಾಲೆ ಹತ್ತಿರ. 1907ರ ಕಟ್ಟಡ. ಇಲ್ಲಿ ಗಮನ ಕೊಡಬೇಕಾದದ್ದು ಬೆಳಕಿಗೆ. ಆ ಕಾಲದ ಶಾಲೆಗಳ ನಕ್ಷೆಯೇ ಬೆಳಕು ಗಾಳಿಯ ಸುತ್ತ ಹುಟ್ಟಿದ್ದು: ಒಂದು ಕೋಣೆಯಷ್ಟೇ ಆಳ, ಎದುರುಬದುರು ಕಿಟಕಿ ಬಾಗಿಲು, ತಲೆಯ ಮೇಲೆ ಗಾಳಿಕಿಂಡಿ, ಬಿಸಿಲು ಬೀಳುವ ಕಡೆಗೆ ವರಾಂಡ. ಮಕ್ಕಳು ಬಲಗೈಯಲ್ಲಿ ಬರೆಯುವುದರಿಂದ ಮುಖ್ಯ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಹಳೆಯ ತರಗತಿಯೊಳಗೆ ಹೋದಾಗ ಕರಿಹಲಗೆಗೆ ಮುಖ ಮಾಡಿ ನಿಂತು, ಎಡಗಡೆ ದೊಡ್ಡ ಕಿಟಕಿ ಇದೆಯೇ ನೋಡಿ. ಬಲಗಡೆ ಇದ್ದರೆ ಮೂಲ ಹಲಗೆ ಎದುರು ಗೋಡೆಯಲ್ಲಿತ್ತು, ಆಮೇಲೆ ಯಾರೋ ತಿರುಗಿಸಿದ್ದಾರೆ ಎನ್ನಲು ಅದೊಂದು ಸುಳಿವು. ಗಾಳಿಕಿಂಡಿಗೆ ಹಲಗೆ ಹೊಡೆದು ಮುಚ್ಚಿದ ಶಾಲೆಗಳೇ ಈಗ ಹೆಚ್ಚು. ಪಾರಿವಾಳ ಬರುತ್ತದೆಂದು ಮುಚ್ಚುತ್ತಾರೆ. ಮುಚ್ಚಿದ ಮೇಲೆ ಬಿಸಿ ಗಾಳಿ ಸೂರಿನಡಿಯೇ ನಿಲ್ಲುತ್ತದೆ, ಮರದ ತೊಲೆಗಳ ತೇವ ಆರುವುದಿಲ್ಲ. ಜಾಲರಿ ಹೊಡೆದರೆ ಸಾಕಿತ್ತು.

ಎರಡನೆಯ ದಿನ: ಮೈಸೂರು

ಬೆಳಗಿನ ರೈಲಿಗೆ ಹೊರಟು ಮೈಸೂರಿನಲ್ಲಿ ಇಳಿದರೆ ಮಹಾರಾಜ ಕಾಲೇಜು ದೂರವಿಲ್ಲ. ಇದಕ್ಕೆ ಕನಿಷ್ಠ ಅರ್ಧ ದಿನ ಕೊಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆ ಇದರ ಮೂಲ. ಈಗಿನ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ. ಬಿ.ಎಂ. ಶ್ರೀಕಂಠಯ್ಯ, ಎಂ. ಹಿರಿಯಣ್ಣ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಪಾಠ ಹೇಳಿದ ಜಾಗ. ಜೂನಿಯರ್ ಬಿ.ಎ. ಹಾಲ್ ಎಂಬ ಹೆಸರು ಮೈಸೂರಿನವರಿಗೆ ಇಂದಿಗೂ ಬಾಯಿಪಾಠ. 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ನೀವು ಬೆಳಗ್ಗೆ ನಡೆದು ಬಂದದ್ದು ಹೆಚ್ಚುಕಡಿಮೆ ಅದೇ ದೂರ.

ಇಂಥ ದೊಡ್ಡ ಹಾಲಿನಲ್ಲಿ ನಿಂತಾಗ ಮೊದಲು ಗೋಡೆಯ ದಪ್ಪ ಅಳೆಯಿರಿ. ಬಾಗಿಲ ಚೌಕಟ್ಟಿನ ಪಕ್ಕ ಟೇಪು ಹಿಡಿದರೆ ಗೊತ್ತಾಗುತ್ತದೆ. ಆ ಕಾಲದ ಶಾಲೆ ಕಾಲೇಜುಗಳಲ್ಲಿ ಹದಿನೆಂಟರಿಂದ ಇಪ್ಪತ್ತನಾಲ್ಕು ಅಂಗುಲ ಸಾಮಾನ್ಯ. ಅಷ್ಟು ದಪ್ಪದ ಗೋಡೆ ಹಗಲಿನ ಬಿಸಿಯನ್ನು ಒಳಕ್ಕೆ ಬಿಡಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಶಾಲೆ ಬಿಡುವ ಹೊತ್ತಿಗೂ ಕೋಣೆ ತಂಪಾಗಿರುವುದು ಅದರಿಂದ.

ಗೋಡೆಯ ಮೈ ನೋಡಲು ಕೆರೆಯಬೇಕಾಗಿಲ್ಲ. ಸ್ವಿಚ್ ಬೋರ್ಡ್ ಕಿತ್ತ ಜಾಗವೋ, ಬಾಗಿಲು ತಾಗಿ ಉದುರಿದ ಅಂಚೋ ಎಲ್ಲ ಹಳೆಯ ಕಟ್ಟಡದಲ್ಲೂ ಸಿಗುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಹೊರಗಿನಿಂದ ಒಳಕ್ಕೆ: ಈಗಿನ ಪ್ಲಾಸ್ಟಿಕ್ ಬಣ್ಣ, ಅದರಡಿ ಈರುಳ್ಳಿ ಸಿಪ್ಪೆಯ ಹಾಗೆ ಹಲವು ಪದರ ಸುಣ್ಣ, ಆಮೇಲೆ ನುಣುಪಾದ ಬಿಳಿ ಗಾರೆ, ಅದರ ಹಿಂದೆ ಮರಳಿನ ಒರಟು ಗಾರೆ, ಕೊನೆಗೆ ಇಟ್ಟಿಗೆ. ಒರಟು ಗಾರೆಯಲ್ಲಿ ಕೆಂಪು ಚುಕ್ಕಿ ಕಂಡರೆ ಅದು ಸುರ್ಕಿ, ಅಂದರೆ ಕುಟ್ಟಿದ ಇಟ್ಟಿಗೆಯ ಪುಡಿ. ತೇವದಲ್ಲೂ ಗಾರೆ ಗಟ್ಟಿಯಾಗಲೆಂದು ಸೇರಿಸುತ್ತಿದ್ದರು. ಅಲ್ಲಲ್ಲಿ ಜೋಳದ ಕಾಳಿನಷ್ಟು ಬಿಳಿ ಉಂಡೆ ಕಂಡರೆ ಅದು ಸರಿಯಾಗಿ ಅರೆಯದ ಸುಣ್ಣ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಗಾರೆ ಟಕ್ ಟಕ್ ಎನ್ನುತ್ತದೆ, ಗೋಡೆ ಬಿಟ್ಟ ಗಾರೆ ಡಬಡಬ ಎನ್ನುತ್ತದೆ.

ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಆಗುವ ಹಾನಿಯನ್ನೂ ಇಲ್ಲೇ ಹೇಳಿಬಿಡಬೇಕು. ಸುಣ್ಣದ ಗಾರೆ ಉಸಿರಾಡುತ್ತದೆ. ನೆಲದಿಂದ ಮೇಲೇರಿದ ತೇವ ಅದರ ಮೂಲಕ ಆವಿಯಾಗಿ ಹೋಗುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಗೋಡೆಯೊಳಗೇ ಇನ್ನೂ ಮೇಲಕ್ಕೆ ಏರಿ, ಸಿಮೆಂಟು ಮುಗಿಯುವ ಅಂಚಿನಲ್ಲಿ ಹೊರಬರುತ್ತದೆ. ಅದರ ಜೊತೆ ಬಂದ ಉಪ್ಪು ಇಟ್ಟಿಗೆಯ ರಂಧ್ರದಲ್ಲಿ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಮೂರಡಿ ಎತ್ತರಕ್ಕೆ ಸಿಮೆಂಟು ಪಟ್ಟಿ ಹೊಡೆದ ವರಾಂಡದಲ್ಲಿ ನಾಲ್ಕನೆಯ ಅಡಿಯಲ್ಲಿ ಬಣ್ಣ ಉದುರುತ್ತಿರುವುದನ್ನು ನೋಡಿದ್ದರೆ, ಕಾರಣ ಇದೇ. ಗೋಡೆ ಕೆಟ್ಟಿದೆ ಎಂದು ಆ ಪಟ್ಟಿಯನ್ನು ಇನ್ನೂ ಎರಡಡಿ ಏರಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸರಿಯಾದ ದುರಸ್ತಿಗೆ ತಾಳ್ಮೆ ಬೇಕು. ಸುಟ್ಟ ಸುಣ್ಣವನ್ನು ಅರಳಿಸಿ ಗುಂಡಿಯಲ್ಲಿ ನೀರು ಆರದಂತೆ ಕನಿಷ್ಠ ಎರಡು ಮೂರು ವಾರ ಕೊಳೆಹಾಕಬೇಕು. ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು, ತೇವದ ಜಾಗವಾದರೆ ಮರಳಿನಲ್ಲಿ ಸ್ವಲ್ಪ ಬಿಟ್ಟು ಅಷ್ಟು ಸುರ್ಕಿ. ಮೊದಲು ಎತ್ತು ಕಟ್ಟಿ ಗಾರೆ ಗಾಣದಲ್ಲಿ ಅರೆಯುತ್ತಿದ್ದರು, ಈಗ ಮಿಷನ್ನಿನ ಗಾಣ. ಗೋಡೆಗೆ ಚೆನ್ನಾಗಿ ನೀರು ಕುಡಿಸಿ ಅರ್ಧ ಅಂಗುಲದ ಒರಟು ಪದರ ಹಾಕಿ, ಅದು ಬಿಗಿದ ಮೇಲೆ ಕಾಲು ಅಂಗುಲದ ನಯದ ಪದರ. ಏಳರಿಂದ ಹತ್ತು ದಿನ ಗೋಣಿ ಹೊದಿಸಿ ತೇವ ಕಾಯಬೇಕು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿ ಮತ್ತೆ ಕಲ್ಲಾಗುವಂಥದ್ದು. ಬಿಸಿಲಿಗೆ ಬಿಟ್ಟರೆ ಆ ಮೊದಲೇ ಒಣಗಿ, ಕೈಯಿಟ್ಟರೆ ಪುಡಿ ಬರುತ್ತದೆ. ಬೇಸಿಗೆ ರಜೆಯಲ್ಲಿ ತರಾತುರಿಯಲ್ಲಿ ಮಾಡಿಸಿದ ಸುಣ್ಣದ ಕೆಲಸ ಸೋಲುವುದು ಹೀಗೆಯೇ. ಆಮೇಲೆ ದೂರು ಸುಣ್ಣದ ಮೇಲೆ.

ಸಂಜೆಗೆ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಹೊರನೋಟ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗೆ 1887ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಇಲ್ಲಿನ ಸಂಗ್ರಹದಲ್ಲಿ, 1909ರಲ್ಲಿ ಅಚ್ಚಾಯಿತು. ಓಲೆಗರಿ ಇಡುವ ಮನೆಗೆ ಸೋರದ ಸೂರು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ದಿನ: ಮೈಸೂರು, ಬರಿಯ ತಾರಸಿ

ಬೆಳಗ್ಗೆ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಹೋಗಿ ನಿಲ್ಲಿ. ಶಾಲೆಯಲ್ಲ, ಅಂಗಡಿ ಸಾಲು. ಪುಸ್ತಕದ ಅಂಗಡಿಗಳಿಗೆ ಹೆಸರಾಗಿತ್ತು. 1892ರ ಕಟ್ಟಡ. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹತ್ತು ವರ್ಷ ಕಳೆದು 2022ರ ಅಕ್ಟೋಬರ್‌ನಲ್ಲಿ, ಜೋರು ಮಳೆಯ ದಿನಗಳಲ್ಲಿ, ಮಹಾರಾಣಿ ವಿಜ್ಞಾನ ಕಾಲೇಜಿನ ನೂರು ವರ್ಷ ದಾಟಿದ ಕಟ್ಟಡದಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯ ಇದ್ದ ಭಾಗ ಬಿತ್ತು. ಬಿರುಕು ಗಮನಿಸಿ ವಿದ್ಯಾರ್ಥಿಗಳನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಜೀವ ಉಳಿದವು. ಈ ಎರಡು ಘಟನೆಗಳನ್ನು ನೆನಪಿನಲ್ಲಿಟ್ಟುಕೊಂಡೇ ಹಳೆಯ ಮೈಸೂರಿನ ತಾರಸಿಯನ್ನು ತಿಳಿಯಬೇಕು.

ಆ ಕಾಲದ ಸಾರ್ವಜನಿಕ ಕಟ್ಟಡಗಳಲ್ಲಿ ಹೆಚ್ಚಾಗಿ ಕಾಣುವುದು ಮದ್ರಾಸ್ ತಾರಸಿ. ಕೋಣೆಯ ಒಳಗೆ ನಿಂತು ತಲೆಯೆತ್ತಿದರೆ ಸಾಲಾಗಿ ಸಾಗುವಾನಿ ತೊಲೆಗಳು, ಒಂದರಿಂದೊಂದಕ್ಕೆ ಒಂದರಿಂದ ಒಂದೂವರೆ ಅಡಿ. ತೊಲೆಗಳ ನಡುವೆ ತೆಳ್ಳನೆಯ ಪುಟ್ಟ ಇಟ್ಟಿಗೆ, ಸುಮಾರು ಆರು ಅಂಗುಲ ಉದ್ದ, ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಇವನ್ನು ಮಲಗಿಸಿಲ್ಲ, ಅಂಚಿನ ಮೇಲೆ ನಿಲ್ಲಿಸಿ, ತೊಲೆಗೆ ಓರೆಯಾಗಿ 45 ಡಿಗ್ರಿಯಲ್ಲಿ ಒಂದಕ್ಕೊಂದು ಒತ್ತಿ ಜೋಡಿಸಿದ್ದಾರೆ. ಕೆಳಗೆ ಅಚ್ಚು ಕಟ್ಟದೆಯೇ ಬರಿಯ ಸುಣ್ಣದ ಗಾರೆಯ ಹಿಡಿತದಲ್ಲಿ ಒಂದೊಂದು ಸಾಲನ್ನೂ ಕಟ್ಟುತ್ತಾ ಹೋಗುತ್ತಿದ್ದರು. ಗಾರೆ ಬಿಗಿದ ಮೇಲೆ ಇಡೀ ಪದರ ಒಂದೇ ಹಲಗೆಯಾಗುತ್ತದೆ. ಅದರ ಮೇಲೆ ಮೂರು ನಾಲ್ಕು ಅಂಗುಲ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ. ಸಾಲಾಗಿ ಕುಳಿತವರು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು, ನಡುನಡುವೆ ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತಾ. ಕೊಡತಿ ಪುಟಿಯಲು ತೊಡಗಿದರೆ ಬಡಿತ ಸಾಕಾಯಿತೆಂದು ಅರ್ಥ. ಕೊನೆಗೆ ಎರಡು ಪದರ ಚಪ್ಪಟೆ ಬಿಲ್ಲೆ, ಕೀಲುಗಳು ಒಂದರ ಮೇಲೊಂದು ಬಾರದಂತೆ.

ಇದು ಸೋಲುವ ಜಾಗ ಹೆಚ್ಚಾಗಿ ಒಂದೇ: ಗೋಡೆಯೊಳಗೆ ಹೊಕ್ಕ ತೊಲೆಯ ತುದಿ. ಎಂಟೊಂಬತ್ತು ಅಂಗುಲ ಮರ ಗೋಡೆಯೊಳಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕೈಪಿಡಿ ಗೋಡೆಯ ಬುಡದಲ್ಲಿ ಗಾರೆ ಬಿಟ್ಟರೆ ಅಥವಾ ನೀರು ಹೋಗುವ ದೋಣಿಯಲ್ಲಿ ಎಲೆ ಕಟ್ಟಿದರೆ ನೀರು ಅಲ್ಲೇ ನಿಂತು ನೇರ ತೊಲೆಯ ತಲೆಗೆ ಇಳಿಯುತ್ತದೆ. ನಡುವಿನಲ್ಲಿ ಮರ ಕಬ್ಬಿಣದ ಹಾಗಿದ್ದರೂ ತುದಿ ಕೊಳೆತು ಪುಡಿಯಾಗಿರುತ್ತದೆ. ಒಳಗಿನಿಂದ ಕಾಣುವ ಗುರುತುಗಳು: ತೊಲೆ ಗೋಡೆ ಸೇರುವಲ್ಲಿ ಕಂದು ಕಲೆ, ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಪುಡಿ, ಗೆದ್ದಲಿನ ಮಣ್ಣಿನ ಗೆರೆ, ತೊಲೆಯ ಮೇಲ್ಮೈಗೂ ಇಟ್ಟಿಗೆಗೂ ನಡುವೆ ಬೆಳಕಿನ ಎಳೆ. ದುರ್ಬೀನು ಬೇಕಾಗುವುದು ಇದಕ್ಕೆ. ಸಾಲಿನಲ್ಲಿ ಒಂದು ತೊಲೆ ಉಳಿದವುಗಳಿಗಿಂತ ಕೆಳಗೆ ತೂಗಿದ್ದರೆ ಆ ಕೋಣೆಯಲ್ಲಿ ನಿಲ್ಲಬೇಡಿ, ಹೊರಗೆ ಬಂದು ಸಂಸ್ಥೆಯವರಿಗೆ ಹೇಳಿ.

ಸೋರಿದಾಗಲೆಲ್ಲ ಮೇಲೆ ಇನ್ನೊಂದು ಪದರ ಸಿಮೆಂಟು ಹಾಕುವುದು ಎಲ್ಲ ಕಡೆ ನಡೆದಿರುವ ತಪ್ಪು. ಲೆಕ್ಕ ಹಾಕಿ ನೋಡಿ. ಇಪ್ಪತ್ತಡಿಗೆ ಮೂವತ್ತಡಿಯ ತರಗತಿ, ಆರುನೂರು ಚದರ ಅಡಿ. ಎರಡು ಅಂಗುಲ ಸಿಮೆಂಟು ಹಾಕಿದರೆ ನೂರು ಘನ ಅಡಿ, ತೂಕ ಆರು ಟನ್ನು. ಮೂರು ಸಲ ದುರಸ್ತಿಯಾದ ತಾರಸಿ ಹದಿನೆಂಟು ಟನ್ನು ಹೆಚ್ಚಿನ ಭಾರ ಹೊತ್ತಿರುತ್ತದೆ, ಅದೂ ತುದಿ ಕೊಳೆತ ತೊಲೆಗಳ ಮೇಲೆ. ಸಿಮೆಂಟು ಬಿಸಿಲಿಗೆ ಬಿರಿದು, ಆ ಬಿರುಕಿನಿಂದ ಇಳಿದ ನೀರು ಮೇಲಕ್ಕೆ ಆರಲಾಗದೆ ಕೆಳಗಿನ ಸುಣ್ಣದಲ್ಲೇ ಉಳಿಯುತ್ತದೆ. ಮೆಟ್ಟಿಲ ಬಾಗಿಲಲ್ಲಿ ತಾರಸಿಯ ಹೊಸ್ತಿಲು ಎಷ್ಟು ಹೂತುಹೋಗಿದೆ ಎಂದು ನೋಡಿದರೆ ಎಷ್ಟು ಪದರ ಬಿದ್ದಿದೆ ಎಂದು ಅಂದಾಜಾಗುತ್ತದೆ. ಸರಿಯಾದ ದಾರಿ ಎಂದರೆ ಮೇಲಿನ ಪದರಗಳನ್ನು ಕೈ ಉಳಿಯಿಂದ, ಯಂತ್ರದ ಸುತ್ತಿಗೆಯಿಂದಲ್ಲ, ತೆಗೆದು, ಕೆಟ್ಟ ತೊಲೆಗಳ ತುದಿ ಬದಲಿಸಿ, ತುದಿಯ ಸುತ್ತ ಗಾಳಿಯಾಡಲು ಅರ್ಧ ಅಂಗುಲ ಜಾಗ ಬಿಟ್ಟು, ಮತ್ತೆ ಸುಣ್ಣದಲ್ಲೇ ಮುಚ್ಚುವುದು. ಅಷ್ಟಾಗದಿದ್ದರೂ ಮೇ ಕೊನೆಗೊಮ್ಮೆ, ಅಕ್ಟೋಬರ್‌ಗೊಮ್ಮೆ ದೋಣಿಗಳನ್ನು ಗುಡಿಸಿ, ಅರಳಿ ಆಲದ ಸಸಿಗಳನ್ನು ಬೆರಳುದ್ದ ಇರುವಾಗಲೇ ಕೀಳಬೇಕು. ಮೊಳಕಾಲೆತ್ತರ ಬೆಳೆದ ಮೇಲೆ ಎಳೆದರೆ ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ.

ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಶಾಲೆಯ ಕಟ್ಟಡವನ್ನೂ ದಾರಿಯಲ್ಲೇ ನೋಡಬಹುದು, 1906ರ ಅಡಿಗಲ್ಲು. ರಾತ್ರಿ ಬಸ್ಸಿಗೆ ಮಂಗಳೂರು.

ನಾಲ್ಕನೆಯ ದಿನ: ಮಂಗಳೂರು

ಘಟ್ಟ ಇಳಿದ ಕೂಡಲೇ ಸೂರು ಬದಲಾಗುತ್ತದೆ. ಮೈಸೂರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಚಪ್ಪಟೆ ಸುಣ್ಣದ ತಾರಸಿಗೆ ಕೆಲಸವಿಲ್ಲ. ಗೋಡೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು, ಮೇಲೆ ಇಳಿಜಾರು ಮಾಡು, ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಈ ಊರಿನಲ್ಲೇ. ನೇತ್ರಾವತಿ ದಡದ ಜೇಡಿಮಣ್ಣು, ದೋಣಿ ಸಾಗಾಟ, ಸೌದೆ ಮೂರೂ ಕೈಗೆಟಕುವಂತಿತ್ತು.

ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾಯಿತು. ಅದರ ಪ್ರಾರ್ಥನಾ ಮಂದಿರವನ್ನು ಸಾರ್ವಜನಿಕರು ನೋಡಬಹುದು. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೆನಿ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ್ದು 1899ರಿಂದ 1901ರ ನಡುವೆ. ಗೋಡೆಯ ಮೇಲಿನವು ಫ್ರೆಸ್ಕೊ, ಚಾವಣಿಯವು ಕ್ಯಾನ್ವಾಸ್. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆದದ್ದು. ಸುಣ್ಣ ಕಲ್ಲಾಗುವಾಗ ಬಣ್ಣವನ್ನೂ ಒಳಕ್ಕೆ ಹಿಡಿದುಕೊಳ್ಳುತ್ತದೆ. ಆ ದಿನ ಮುಗಿಸಲಾಗುವಷ್ಟೇ ಗಾರೆ ಬಳಿದು, ಅದು ಆರುವ ಮೊದಲು ಬರೆದು ಮುಗಿಸಬೇಕು. ನಿನ್ನೆ ಮೊನ್ನೆ ಮೈಸೂರಿನ ಗೋಡೆಯಲ್ಲಿ ಕಂಡ ರಸಾಯನವೇ ಇಲ್ಲಿ ಚಿತ್ರವನ್ನು ಹಿಡಿದು ನಿಲ್ಲಿಸಿದೆ. ಹಾಗಾಗಿ ಇದರ ಶತ್ರುವೂ ಅದೇ, ಗೋಡೆಯ ಹಿಂದಿನಿಂದ ಬರುವ ತೇವ ಮತ್ತು ಉಪ್ಪು. ಫ್ಲಾಶ್ ಹಾಕಬೇಡಿ, ಗೋಡೆಗೆ ಒರಗಬೇಡಿ.

ಮಧ್ಯಾಹ್ನ ಊರಿನ ಯಾವುದಾದರೂ ಹಳೆಯ ಹೆಂಚಿನ ಶಾಲೆಯ ಮಾಡಿನೊಳಗೆ ನೋಡಲು ಕೇಳಿಕೊಳ್ಳಿ. ಇಳಿಜಾರಾಗಿ ಹಾಕಿದ ಮರದ ಪಕ್ಕಾಸಿನ ಮೇಲೆ ಅಡ್ಡಕ್ಕೆ ರೀಪು ಎಂಬ ತೆಳ್ಳಗಿನ ಮರದ ಪಟ್ಟಿ, ರೀಪಿಗೆ ಹೆಂಚಿನ ಹಿಂಬದಿಯ ಮೊಳೆಯಂಥ ಎರಡು ಉಬ್ಬು ಸಿಕ್ಕಿಸಿರುತ್ತದೆ. ಪಕ್ಕದ ಅಂಚುಗಳು ಒಂದರ ತೋಡಿನೊಳಗೆ ಇನ್ನೊಂದು ಕೂರುತ್ತವೆ. ರೀಪಿನಿಂದ ರೀಪಿಗೆ ಹನ್ನೆರಡೂವರೆ ಅಂಗುಲದ ಆಸುಪಾಸು. ನೂರು ಚದರ ಅಡಿ ಮಾಡಿಗೆ ಸುಮಾರು 150 ಹೆಂಚು. ನಿನ್ನೆಯ ಇಪ್ಪತ್ತಕ್ಕೆ ಮೂವತ್ತರ ತರಗತಿಗೆ ಸುತ್ತ ಎರಡಡಿ ಸೂರು ಬಿಟ್ಟು 30 ಡಿಗ್ರಿ ಇಳಿಜಾರು ಕೊಟ್ಟರೆ 1,400 ಹೆಂಚು ಬೇಕು. ತಲಾ ಎರಡೂವರೆ ಕಿಲೊ ಎಂದುಕೊಂಡರೂ ಮೂರೂವರೆ ಟನ್ನು. ಅಲ್ಲಿ ಒಂದು ದುರಸ್ತಿಯ ಸಿಮೆಂಟು ಪದರ ತೂಗಿದ್ದು ಇದಕ್ಕಿಂತ ಹೆಚ್ಚು.

ಹೆಂಚಿನ ಮಾಡಿಗೆ ಬೇರೆ ರೋಗಗಳು. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳ ಅಳತೆಯಲ್ಲಿ ಅಂಗುಲದ ಒಂದಂಶ ವ್ಯತ್ಯಾಸವಿರುತ್ತದೆ. ಒಡೆದದ್ದಕ್ಕೆ ಬದಲಾಗಿ ಸಿಕ್ಕಿದ್ದನ್ನು ಹಾಕಿದರೆ ತೋಡು ಕೂರದೆ ಗಾಳಿಮಳೆಗೆ ನೀರು ನುಗ್ಗುತ್ತದೆ. ಹಳೆಯ ಹೆಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ, ಅದನ್ನು ಓದಿ ಅದೇ ಅಚ್ಚಿನದನ್ನು ಬೀಳಿಸಿದ ಮನೆಗಳಿಂದ ಹುಡುಕಿ ತರುವುದು ಒಳ್ಳೆಯದು. ಮಂಗ ಜರುಗಿಸಿದ ಒಂದೇ ಹೆಂಚು ಆ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ರೀಪನ್ನು ಕೊಳೆಸಿಬಿಡಬಲ್ಲದು. ಮಾಡಿನ ಮೇಲೆ ನಡೆದು ರಿಪೇರಿ ಮಾಡಿದರೆ ಸರಿಮಾಡಿದ್ದಕ್ಕಿಂತ ಒಡೆದದ್ದೇ ಹೆಚ್ಚಾಗುತ್ತದೆ. ಒಳಗಿನಿಂದ ಏಣಿ ಹಾಕಿ, ಮೇಲಿನ ಸಾಲಿನ ಹೆಂಚನ್ನು ಸ್ವಲ್ಪ ಎತ್ತಿ ಹಿಡಿದು, ಹೊಸದನ್ನು ಕೆಳಗಿನಿಂದ ಜಾರಿಸಿ ರೀಪಿಗೆ ಸಿಕ್ಕಿಸಬೇಕು. ಹೊತ್ತು ಮಧ್ಯಾಹ್ನ ಹನ್ನೆರಡು ಒಳ್ಳೆಯದು: ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿ ಮೇಲೆ ನೋಡಿದರೆ, ಸೋರುವ ಕಡೆಗಳಲ್ಲೆಲ್ಲ ಬಿಸಿಲಿನ ಚುಕ್ಕಿ ಕಾಣುತ್ತದೆ. ಆ ಚುಕ್ಕಿ ನೆಲದ ಮೇಲೆ ಬಿದ್ದ ಜಾಗವನ್ನಲ್ಲ, ಮಾಡಿನಲ್ಲಿ ಹೊಳೆಯುವ ಜಾಗವನ್ನೇ ನೋಡಿ, ಅದರ ಕೆಳಗಿನ ಪಕ್ಕಾಸಿಗೆ ಸುಣ್ಣದ ಗುರುತು ಹಾಕಿ.